ತೊಗರಿಗಿ ಈಜು ಬರಂಗಿಲ್ಲ

"ಮಳಿ ಭರ್ಜರಿ ಆಗ್ಯಾದ. ಈ ಸಲ ತೊಗರಿ ಬಂಪರ್ ಬಿಡ್ರಪಾ!" ಅಂದ ಶರಣಪ್ಪ.

"ಅದೇನ್ ಭತ್ತ ಅಂತ ತಿಳಿದಿಯೇನು? ತೊಗರಿಗಿ ಈಜು ಬರಂಗಿಲ್ಲ," ಅಂದ ಗುಂಡಪ್ಪ. "ನಮ್ಮ ಕಲಬುರಗಿ ಕರಿ ಮಣ್ಣು ನೀರು ಕುಡದ್ರ ಉಬ್ಬಿ, ಬಿರುಕೆಲ್ಲ ಮುಚ್ಚತದ. ಗಾಳಿ ಆಡಂಗಿಲ್ಲ. ಮೂರ್ನಾಕು ದಿನ ನೀರು ನಿಂತ್ರ ಬೇರಿಗಿ ಉಸುರುಗಟ್ಟಿ ಎಲಿ ಹಳದಿ ಆಗ್ತಾವ."

"2019ರಾಗ ನಮ್ಮ ತೊಗರಿಗಿ ಜಿಐ ಟ್ಯಾಗ್, ಅಂದ್ರ ಈ ಸೀಮಿ ಮಾಲು ಅಂತ ಸರ್ಕಾರದ ಗುರ್ತು, ಬ್ಯಾರೆ ಸಿಕ್ಕಾದಲ್ಲೋ?"

"ಟ್ಯಾಗ್ ಕಟಗೊಂಡ್ರ ತೇಲತದೇನು?"

"ಹಳದಿ ಆದ್ರ ಯೂರಿಯಾ ಚೆಲ್ಲಿದ್ರಾತು."

"ಬೀಗರ ಮನಿ ಊಟಕ್ಕ ಬುತ್ತಿ ಕಟಗೊಂಡು ಹೋದಂಗ! ಬೇರಿನ ಗಂಟಿನಾಗ ಕುಂತ ರೈಜೋಬಿಯಂ ಅನ್ನೂ ಬ್ಯಾಕ್ಟೀರಿಯಾ ಗಾಳ್ಯಾಗಿನ ಸಾರಜನಕ ಹಿಡದು ಕೊಡತದ. ಯೂರಿಯಾ ಸುರುವಿದ್ರ ಗಂಟು ಕಟ್ಟೂದೇ ಕಡಿಮಿ, ಬರೇ ಎಲಿ. ಬಿತ್ತೂವಾಗ ಎಕರೆಕ್ಕ ಒಂದ್ ಚೀಲ ಡಿಎಪಿ ಗೊಬ್ಬರ, ಸಾಕು. ಗಂಟು ನೋಡಬೇಕಂದ್ರ ಗಿಡ ಜಗ್ಗಬ್ಯಾಡ, ಹರದು ಮಣ್ಣಾಗೇ ಉಳೀತಾವ. ಸಲಿಕಿಲೆ ಅಗದು ತೆಗಿ, ಉಗುರಿಲೆ ಸೀಳು. ಒಳಗ ಗುಲಾಬಿ ಇದ್ರ ದುಡ್ಯಾಕತ್ತಾದ. ಹಸರೋ ಕಂದೋ ಇದ್ರ ರಜಾ ಹಾಕ್ಯಾದ."

"ಪಗಾರ ಮಾತ್ರ ನಾವು ಕೊಡೂದು," ಅಂದ ಮಲ್ಲಣ್ಣ. "ಮತ್ತ ನೆಟೆ ರೋಗ?"

"ಅದರ ಶಿಲೀಂಧ್ರ ಮಣ್ಣಾಗೇ ವರ್ಷಾನುಗಟ್ಲೆ ಕುಂತಿರ್ತದ. ಹೂ-ಕಾಯಿ ಹೊತ್ತಿಗಿ ಗಿಡ ನಿಂತಲ್ಲೇ ಒಣಗತದ. ಕಾಂಡ ಸೀಳಿದ್ರ ಕರಿ ಗೆರಿ. ಆವಾಗ ರೋಗದ ಎಣ್ಣಿ (ಔಷಧ) ಹೊಡದ್ರ ಅಂಗಡಿಯವಂಗಷ್ಟೇ ಇಳುವರಿ. ಬಿತ್ತೂ ಮೊದಲೇ ಕೆಜಿ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮಾ, ಅಂದ್ರ ರೋಗದ ಶಿಲೀಂಧ್ರ ತಡಿಯೂ ಒಳ್ಳೆ ಶಿಲೀಂಧ್ರ, ಹಚ್ಚಬೇಕು. ವರ್ಷಾ ಅದೇ ಹೊಲಕ್ಕ ತೊಗರಿ ಬ್ಯಾಡ, ನಡುವ ಜೋಳ ಬರ್ಲಿ."

"ಅದು ಬರೂ ವರ್ಷದ್ದಾತು. ಈಗ ನೀರು ನಿಂತದ್ದಕ್ಕ?"

"ಚಹಾ ಆಮ್ಯಾಲ ಕುಡಿ, ಮೊದಲ ಇಳಿಜಾರು ನೋಡಿ ಬಸಿಗಾಲುವಿ ತೆಗಿ. ಹದ ಬಂದ ಮ್ಯಾಲ ಸಾಲಿನ ನಡುವ ಎಡಿ ಹೊಡಿ, ಮಣ್ಣು ಸಡಲಾಗಿ ಗಾಳಿ ಆಡತದ. ಹಸಿ ಇದ್ದಾಗಲೇ ಹೊಡದ್ರ ಹೆಂಟಿ ಏಳತಾವ ನೋಡು! 50 ದಿನಕ್ಕ ಕುಡಿ ಚಿವುಟು, ಪಕ್ಕದ ಟೊಂಗಿ ಒಡೀತಾವ. ಹೂ ಬಂದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಅನ್ನೂ ಪೋಷಕಾಂಶದ ಮಿಶ್ರಣ, ಎಕರೆಕ್ಕ 2 ಕೆಜಿ, 200 ಲೀಟರ್ ನೀರಾಗ ಕಲಸಿ ಹೊಡಿ. 15 ದಿನ ಬಿಟ್ಟು ಇನ್ನೊಮ್ಮಿ."

"ಹೂವಿನ್ಯಾಗ ಮೋಡ ಕವದ್ರ?"

"ಹೂ ಉದುರತಾವ, ಉಳದದ್ದು ಕಾಯಿ ಕೊರಿಯೂ ಕೀಡಿ ಪಾಲು. ಬುಡಕ್ಕ ತಾಡಪತ್ರಿ ಹಾಸಿ ಗಿಡ ಜಾಡಿಸು. ಕೀಡಿ ಪಟಪಟ ಬೀಳತಾವ."

"ಆ ತಾಡಪತ್ರಿ ನಾ ರಾಶಿಗಂತ ತಂದಿಟ್ಟೀನಲ್ಲೋ!"

"ಮೊದಲ ಕೀಡಿ ರಾಶಿ ಮಾಡಪಾ. ತೊಗರಿ ಆಮ್ಯಾಲ ನೋಡೋಣಂತ."