ಶೀಟ್ ಮನೆ, ಅಂಡಾಶಯದ ಕ್ಯಾನ್ಸರ್: ಅನುಭವ ಇದ್ದವರು ಹೇಳ್ತೀರಾ?

ಪ್ರಶ್ನೆ, ಬಾಡಿಗೆ ಮನೆಯಿಂದ ಸ್ವಂತ ಮನೆಗೆ: ನನಗೆ 38. ಕಾರ್ಖಾನೆಗಳ ನಡುವೆ ಆಸ್ಬೆಸ್ಟಾಸ್ ಶೀಟಿನ ಸ್ವಂತ ಮನೆ, 12 ವರ್ಷದಿಂದ ಇದ್ದೇವೆ. ಹೋದ ವರ್ಷ ಅಮ್ಮನ ತಂಗಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ಆಸ್ಬೆಸ್ಟಾಸಿನಿಂದ ಅದು ಬರಬಹುದು ಅಂತ ಓದಿದಾಗಿನಿಂದ ನಿದ್ದೆ ಇಲ್ಲ. ಶೀಟ್ ತೆಗೆಸಲಾ? ಈ ಕ್ಯಾನ್ಸರಿನ ಸುಳಿವು ನೋಡೋ ಸಿಎ 125 ರಕ್ತ ಪರೀಕ್ಷೆ ಮಾಡಿಸಲಾ?

ಹೊಸ ಸೂರು: ನಾನು ತೆಗೆಸಿದೆ. ಹೇಗೆ ತೆಗೆಸಬಾರದು ಅನ್ನೋದಕ್ಕೆ ನನ್ನ ಮನೆಯೇ ಸಾಕ್ಷಿ. ಕಲರ್ ಶೀಟಿಗೆ 58,000. ಹಳೇ ಮರದ ತೊಲೆ ಹುಳ ಹಿಡಿದಿತ್ತು, ಕಬ್ಬಿಣ ಹಾಕಿಸಿದ್ದಕ್ಕೆ 31,000. ಕೂಲಿ 18,000. ಟೆಂಪೋ ಎರಡು ಸಲ, 4,500. ಮಳೆ ಬಂದರೆ ತಮಟೆ ಬಡಿದ ಹಾಗೆ ಸದ್ದು, ಅದಕ್ಕೆ ಒಳಗಡೆ ಸೀಲಿಂಗ್, ಮತ್ತೆ 42,000. ಕೈಸಾಲ ಇನ್ನೂ ತೀರಿಲ್ಲ. ದುಡ್ಡು ಹೋಗಲಿ, ಆ ಹುಡುಗರು ಬೋಲ್ಟ್ ಬಿಚ್ಚಲೇ ಇಲ್ಲ. ತುಕ್ಕು ಹಿಡಿದಿದೆ ಅಂತ ಸುತ್ತಿಗೆಯಿಂದ ಒಡೆದು ಹಾಕಿದರು. ತೊಟ್ಟಿ ನೀರಿನ ಮೇಲೆ ಬೂದಿ ಬಣ್ಣದ ಪುಡಿ ಹಾಲಿನ ಕೆನೆ ಹಾಗೆ ಕಟ್ಟಿತ್ತು. ಮಗಳ ಯೂನಿಫಾರ್ಮ್ ಅದೇ ತಂತಿ ಮೇಲೆ ಒಣಗುತ್ತಿತ್ತು. ಶೀಟಿಗೆ ನೀರು ಹೊಡೆದು, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು ಅಂತ ಆಮೇಲೆ ಗೊತ್ತಾಯಿತು. 20 ವರ್ಷ ತಲೆ ಮೇಲೆ ಸುಮ್ನೆ ಇದ್ದದ್ದನ್ನು ಒಂದೇ ಮಧ್ಯಾಹ್ನ ನಾನೇ ಮನೆ ತುಂಬ ಹರಡಿದೆ.

ಮೂವತ್ತು ವರ್ಷ ಶೀಟಿನಡಿ: ಹೆಂಗಸರನ್ನು ಯಾಕ್ರೀ ಹೆದರಿಸ್ತೀರಾ? ನಮ್ಮದೂ ಶೀಟ್ ಮನೆ. ಅಮ್ಮನಿಗೆ 81, ಗಟ್ಟಿಯಾಗಿದ್ದಾರೆ. ಆ ಕ್ಯಾನ್ಸರ್ ಬಂದಿದ್ದು ನೀಲಿ ಆಸ್ಬೆಸ್ಟಾಸಿನಲ್ಲಿ ಕೆಲಸ ಮಾಡಿದವರಿಗೆ. ನಮ್ಮ ಶೀಟಲ್ಲಿರೋದು ಬಿಳೀದು.

ಅಮ್ಮನ ಒಗೆಯೋ ಕಲ್ಲು: ಬಿಳಿ, ನೀಲಿ ಅಂತ ದಯವಿಟ್ಟು ಶುರು ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಬೆಸ್ಟಾಸಿನ ಎಲ್ಲ ಬಗೆಯನ್ನೂ ಕ್ಯಾನ್ಸರ್‌ಕಾರಕ ಅಂತಲೇ ಹೇಳಿದೆ. ಶ್ವಾಸಕೋಶದ ಜೊತೆ ಅಂಡಾಶಯವನ್ನೂ 2009ರಲ್ಲಿ ಸೇರಿಸಿತು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಆಸ್ಬೆಸ್ಟಾಸ್ ಹಾಕಿದ ಗ್ಯಾಸ್ ಮಾಸ್ಕ್ ತಯಾರಿಸಿದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡಿದ್ದೂ ಇದಕ್ಕೆ ಒಂದು ಆಧಾರ.

ನಮ್ಮಪ್ಪ ಶೀಟ್ ಕಾರ್ಖಾನೆಯಲ್ಲಿ 19 ವರ್ಷ ದುಡಿದರು. ಬಟ್ಟೆ ಒಗೆಯುತ್ತಿದ್ದದ್ದು ಅಮ್ಮ. ನೆನೆಸೋ ಮುಂಚೆ ಅಂಗಿಯನ್ನು ಕಲ್ಲಿಗೆ ಎರಡು ಸಲ ಕೊಡವೋರು. ಬೆಳಗಿನ ಬಿಸಿಲಲ್ಲಿ ಆ ಪುಡಿ ಮಿಣಮಿಣ ಅಂತ ತೇಲೋದು, ನಾನು ಕೈ ಚಾಚಿ ಹಿಡಿಯೋಕೆ ಹೋಗುತ್ತಿದ್ದೆ. ಅಮ್ಮನಿಗೆ 57ಕ್ಕೆ ಅಂಡಾಶಯದ ಕ್ಯಾನ್ಸರ್. ಎಂಟು ತಿಂಗಳು ಹೊಟ್ಟೆ ಉಬ್ಬರಕ್ಕೆ ಗ್ಯಾಸ್ ಮಾತ್ರೆ ಕೊಟ್ಟರು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನೋರು, ವಯಸ್ಸಾಯಿತು ಅಂದುಕೊಂಡೆವು. ಆರು ಕೀಮೋಗೆ ಅಪ್ಪನ ಪಿಎಫ್ ಪೂರ್ತಿ ಕರಗಿತು. ಗಂಡನ ಕೆಲಸ ಏನು ಅಂತ ಒಬ್ಬ ಡಾಕ್ಟರೂ ಕೇಳಲಿಲ್ಲ. ಆ ಪುಡಿಯಿಂದಲೇ ಬಂತು ಅಂತ ಈಗ ಯಾರಿಗೂ ತೋರಿಸಿಕೊಡೋಕೆ ಆಗಲ್ಲ. ಆದರೆ ಆ ಕಲ್ಲನ್ನು ನಾನು ಕೀಳಿಸಿ ಹಾಕಿದೆ.

ಎರಡನೇ ತಂಗಿ: ಎಲ್ಲರೂ ಗಾಳಿ, ಪುಡಿ ಅಂತೀರಿ. ಮನೆತನದಲ್ಲಿ ಬಂದಿರಬಹುದು ಅನ್ನೋದು ಯಾರಿಗೂ ತೋಚಲ್ವಾ? ನಮ್ಮ ಅಕ್ಕನಿಗೆ 46ಕ್ಕೆ ಬಂತು. ನಾವೂ ಹಾಳು ಬೋರ್‌ವೆಲ್ ನೀರು ಅಂತ ಎರಡು ವರ್ಷ ಬೈದುಕೊಂಡು ಕೂತೆವು. ಆಮೇಲೆ ಬಿಆರ್‌ಸಿಎ ಅನ್ನೋ ವಂಶವಾಹಿಯ ಪರೀಕ್ಷೆ, ಅಕ್ಕನಿಗೆ 22,000. ಬಿಆರ್‌ಸಿಎ 1 ದೋಷ ಸಿಕ್ಕಿತು, ನನಗೂ ಇತ್ತು. ಆ ದೋಷ ಇದ್ದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಜೀವನದಲ್ಲಿ ಯಾವಾಗಲಾದರೂ ಈ ಕ್ಯಾನ್ಸರ್ ಬರುತ್ತೆ. ಉಳಿದ ಹೆಂಗಸರಲ್ಲಿ ಅದು ನೂರಕ್ಕೆ ಒಬ್ಬರ ಆಸುಪಾಸು. 41ಕ್ಕೆ ಅಂಡಾಶಯ, ಅಂಡನಾಳ ಎರಡೂ ತೆಗೆಸಿದೆ. 1,65,000. ಕಾಯಿಲೆ ಇಲ್ಲದೆ ಆಪರೇಷನ್ ಯಾಕೆ ಅಂತ ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ. ಮೂರು ಸಲ ಅರ್ಜಿ ಬರೆದೆ. ಮುಟ್ಟು ಬೇಗ ನಿಂತು, ರಾತ್ರಿ ಮೈ ಕೆಂಡವಾಗಿ ದಿಂಬು ನೆನೆಯುತ್ತೆ. ಅತ್ತೆ ಇವತ್ತಿಗೂ ‘ಚೆನ್ನಾಗಿದ್ದ ಮೈ ಕೆಡಿಸಿಕೊಂಡೆ’ ಅಂತಾರೆ. ನನಗೆ ಪಶ್ಚಾತ್ತಾಪ ಇಲ್ಲ.

ಅಮ್ಮನ ಒಗೆಯೋ ಕಲ್ಲು: ನಿಮಗೆ ರಿಪೋರ್ಟ್ ಸಿಕ್ಕಿತು, ಒಳ್ಳೇದಾಯಿತು. ನಮ್ಮ ಮನೇಲಿ ಪರೀಕ್ಷೆಯಲ್ಲಿ ಏನೂ ಇಲ್ಲ. ಹಾಗಂತ ಕಾರ್ಖಾನೆ ಪುಡಿಯನ್ನು ‘ಸುಮ್ನೆ ಬೈಯೋದು’ ಅನ್ನಬೇಡಿ ಅಕ್ಕ.

ಎರಡನೇ ತಂಗಿ: ನಾನು ನಿಮ್ಮ ಅಮ್ಮನ ವಿಷಯ ಎತ್ತಿದ್ನಾ? ಇಲ್ಲದ್ದನ್ನು ನನ್ನ ಬಾಯಿಗೆ ಹಾಕಬೇಡಿ.

62 ಬಂದಿತ್ತು: ಸಿಎ 125 ಬಗ್ಗೆ. ನಾನು ಲಕ್ಷಣ ಏನೂ ಇಲ್ಲದೆ ಹಬ್ಬದ ಆಫರ್ ಪ್ಯಾಕೇಜಿನಲ್ಲಿ ಮಾಡಿಸಿದೆ. 35ರೊಳಗೆ ಇರಬೇಕು, 62 ಬಂತು. ಎಂಆರ್‌ಐಗೆ 9,500, ಆಮೇಲೆ ಹೊಟ್ಟೆಗೆ ಸಣ್ಣ ತೂತು ಮಾಡಿ ನೋಡೋ ಲ್ಯಾಪರೊಸ್ಕೋಪಿಗೆ 78,000. ಕೊನೆಗೆ ಕ್ಯಾನ್ಸರೇ ಅಲ್ಲ, ಎಂಡೋಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ಕಾಯಿಲೆ! ಐದು ತಿಂಗಳು ಮಕ್ಕಳ ಮುಖ ನೋಡಿ ಅತ್ತಿದ್ದೇನೆ. ಬ್ರಿಟನ್ನಿನಲ್ಲಿ 2 ಲಕ್ಷ ಹೆಂಗಸರ ಮೇಲೆ ಅಧ್ಯಯನ ಮಾಡಿ, ಹೀಗೆ ಸುಮ್ನೆ ಎಲ್ಲರನ್ನೂ ತಪಾಸಣೆ ಮಾಡಿದರೆ ಸಾವು ಕಮ್ಮಿ ಆಗಲ್ಲ ಅಂತ 2021ರಲ್ಲಿ ಹೇಳಿದರು. ಪ್ಯಾಕೇಜ್ ಮಾರಿದವರು ಇದನ್ನು ಹೇಳಲಿಲ್ಲ.

ಎರಡನೇ ತಂಗಿ: ಹೊಟ್ಟೆ ಉಬ್ಬರ ಬಿಡದೆ ಇದ್ದವರು ಇದನ್ನು ಓದಿ ಮನೇಲೇ ಕೂತುಬಿಟ್ಟಾರು. ಲಕ್ಷಣ ಇದ್ದರೆ ಸ್ಕ್ಯಾನ್, ಸಿಎ 125 ಎರಡೂ ಬೇಕು. ಅವನ್ನು ಮಾಡಿಸದೆ ಕೂತಿದ್ದರಿಂದಲೇ ಅಕ್ಕನಿಗೆ ತಡವಾಯಿತು.

62 ಬಂದಿತ್ತು: ಲಕ್ಷಣ ‘ಇಲ್ಲದೆ’ ಅಂತಲೇ ಬರೆದಿದ್ದೇನೆ. ಓದಿ ಬೈಯಿರಿ.

ಪೌಡರ್ ಬಿಟ್ಟವಳು: ಮೈಗೆ ಹಚ್ಚೋ ಟಾಲ್ಕ್ ಮರೆತೇಬಿಟ್ರಾ? 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆಯ ವಿಭಾಗದವರು ಅದನ್ನೂ ‘ಬಹುಶಃ ಕ್ಯಾನ್ಸರ್ ತರುತ್ತೆ’ ಅನ್ನೋ ಗುಂಪಿಗೆ ಹಾಕಿದ್ದಾರೆ. ನಾನು ಮದುವೆಯಾದಾಗಿನಿಂದ ದಿನಾ ಒಳಬಟ್ಟೆಗೂ ಹಾಕಿಕೊಳ್ಳುತ್ತಿದ್ದೆ.

ಮೂವತ್ತು ವರ್ಷ ಶೀಟಿನಡಿ: ಶೀಟ್ ಆಯ್ತು, ಪೌಡರ್ ಆಯ್ತು. ನಾಳೆ ರೊಟ್ಟಿ ಹಿಟ್ಟಾ? ಹೊಸ ಸೂರು ಅವರೇ, ಒಂದು ಕೇಳ್ತೀನಿ. ಒಡೆದ ಶೀಟನ್ನು ಆ ಟೆಂಪೋ ಎಲ್ಲಿ ಸುರಿಯಿತು? ನಮ್ಮ ಕೆರೆ ಏರಿ ಮೇಲೆ ಇಂಥದ್ದೇ ರಾಶಿ ಬಿದ್ದಿದೆ. ಮಕ್ಕಳು ಆ ತುಂಡು ನೆಟ್ಟು ವಿಕೆಟ್ ಮಾಡಿಕೊಂಡು ಆಡ್ತಾರೆ.

ಹೊಸ ಸೂರು: ಟೆಂಪೋದವನನ್ನು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಮ್ಮನ ಒಗೆಯೋ ಕಲ್ಲು: ಸಾರ್, ಏನೂ ಆಗಲ್ಲ ಅಂದವರು ನೀವೇ ಅಲ್ವಾ? ಮೊದಲು ಆ ಮಕ್ಕಳನ್ನು ಅಲ್ಲಿಂದ ಎಬ್ಬಿಸಿ. ರಾಶಿಗೆ ನೀರು ಹಾಕಿ ಟಾರ್ಪಾಲ್ ಮುಚ್ಚಿಸಿ. ಗುಡಿಸೋಕೆ ಹೋಗಬೇಡಿ.

ಮೂವತ್ತು ವರ್ಷ ಶೀಟಿನಡಿ: ಟಾರ್ಪಾಲ್ ಮನೇಲಿದೆ. ಸಂಜೆ ಹೋಗ್ತೀನಿ.