ಒಂದೇ ಕಾರ್ಡು, ಮೂರು ವಿಷಯ: ಬೇಸ್‌ಬಾಲ್ ಕಾರ್ಡುಗಳ ಸಂಗ್ರಹದಲ್ಲಿ ಯಾವುದನ್ನು ಎಲ್ಲಿಡುವುದು?

ಪ್ರಶ್ನೆ: ಕಿತ್ತಳೆಕಪ್ಪು

ಎಲ್ಲರಿಗೂ ನಮಸ್ಕಾರ. ಸ್ಯಾನ್ ಫ್ರಾನ್ಸಿಸ್ಕೋ ಬಳಿ ನೆಲೆಸಿರುವ ನಾನು ಹಲವು ವರ್ಷಗಳಿಂದ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು, ಅಂದರೆ ಆಟಗಾರರ ಚಿತ್ರ ಅಚ್ಚಾದ ಕಾರ್ಡುಗಳನ್ನು, ಕೂಡಿಸುತ್ತಿದ್ದೇನೆ. ಸಂಗ್ರಹ ಬೆಳೆಯುತ್ತಾ ನಾಲ್ಕು ವಿಷಯಗಳಾಗಿ ಕವಲೊಡೆದಿದೆ. ಮೊದಲನೆಯದು, ಜೈಂಟ್ಸ್ ತಂಡವು 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಇಲ್ಲಿಗೆ ಬಂದ ನಂತರದ, ಟಾಪ್ಸ್ ಎಂಬ ಕಂಪನಿ ಹೊರತಂದ ಕಾರ್ಡುಗಳು. ಎರಡನೆಯದು, ವಿಲ್ಲಿ ಮೇಸ್ ಮತ್ತು ವಿಲ್ಲಿ ಮೆಕೋವಿ ಎಂಬ ಇಬ್ಬರು ಜೈಂಟ್ಸ್ ಆಟಗಾರರ ಕಾರ್ಡುಗಳು. ಮೂರನೆಯದು, 787 ಕಾರ್ಡುಗಳ 1972ರ ಟಾಪ್ಸ್ ಸೆಟ್. ನಾಲ್ಕನೆಯದು, ಹಾಲ್ ಆಫ್ ಫೇಮ್ (ಶ್ರೇಷ್ಠರ ಗೌರವಪಟ್ಟಿ) ಸೇರಿದ ಆಟಗಾರರ ರೂಕಿ ಕಾರ್ಡುಗಳು, ಅಂದರೆ ಅವರ ವೃತ್ತಿಯ ಆರಂಭದ ಮೊದಲ ಕಾರ್ಡುಗಳು.

ಈ ವಿಷಯಗಳು ಒಂದರ ಮೇಲೊಂದು ಬರುವ ಕಡೆ ನನಗೆ ತೊಡಕಾಗುತ್ತಿದೆ. 1972ರ ಸೆಟ್ಟಿನ 49ನೇ ಕಾರ್ಡು ಮೇಸ್ ಅವರದು. 50ನೆಯದು ಅವರದೇ ‘ಇನ್ ಆ್ಯಕ್ಷನ್’ ಚಿತ್ರ. ಇವೆರಡೂ ಸೆಟ್ಟಿಗೆ, ತಂಡಕ್ಕೆ, ಆಟಗಾರನಿಗೆ ಹೀಗೆ ಮೂರು ಕಡೆಗೂ ಸೇರಬೇಕಾದವು. ಸೆಟ್ಟಿನ ಬೈಂಡರಿನಲ್ಲಿಟ್ಟರೆ ಮೇಸ್ ಅವರ ಬೈಂಡರಿನಲ್ಲಿ 1971ರಿಂದ ನೇರವಾಗಿ 1973ಕ್ಕೆ ಹಾರಬೇಕಾಗುತ್ತದೆ. ಮೇಸ್ ಬೈಂಡರಿನಲ್ಲಿಟ್ಟರೆ ಸೆಟ್ಟಿನ ಬೈಂಡರಿನ ಆರನೇ ಒಂಬತ್ತು ಜೇಬಿನ ಹಾಳೆಯ ನಡುಸಾಲಿನಲ್ಲಿ ಅಕ್ಕಪಕ್ಕದ ಎರಡು ಜೇಬುಗಳು ಬರಿದಾಗಿ ಕಾಣುತ್ತವೆ. ಮೆಕೋವಿ ಅವರ 1960ರ ರೂಕಿ ಕಾರ್ಡಿನದೂ ಇದೇ ಕಥೆ. 1967ರ ‘ಫೆನ್ಸ್ ಬಸ್ಟರ್ಸ್’ ಕಾರ್ಡಿನಲ್ಲಂತೂ ಮೇಸ್ ಮತ್ತು ಮೆಕೋವಿ ಒಟ್ಟಿಗೇ ಇದ್ದಾರೆ. ಪ್ರತಿ ವಿಷಯಕ್ಕೂ ಬೇರೆ ಪ್ರತಿ ಕೊಳ್ಳುವಷ್ಟು ಹಣ ನನ್ನಲ್ಲಿಲ್ಲ. ಯಾವ ವಿಷಯವನ್ನೂ ಕೈಬಿಡುವ ಮನಸ್ಸೂ ಇಲ್ಲ. ಅನುಭವವಿರುವವರು ಇದನ್ನು ಹೇಗೆ ನಿಭಾಯಿಸುತ್ತೀರಿ ಎಂದು ತಿಳಿಸಬೇಕಾಗಿ ವಿನಂತಿ.

ಉತ್ತರ: ಒಂಬತ್ತುಜೇಬು

ನಮಸ್ಕಾರ. ಕಾರ್ಡು ಇರುವ ಜಾಗ ಮತ್ತು ಕಾರ್ಡು ಸೇರುವ ವಿಷಯ ಎರಡೂ ಒಂದೇ ಎಂದು ಭಾವಿಸಿದಾಗಲೇ ಈ ತೊಡಕು ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾರ್ಡಿಗೆ ವಾಸದ ಮನೆ ಒಂದೇ. ನೆಂಟಸ್ತಿಕೆ ಎಷ್ಟು ಕಡೆ ಬೇಕಾದರೂ ಇರಬಹುದು. ಮನೆಯನ್ನು ಬೈಂಡರು ತೋರಿಸಲಿ, ನೆಂಟಸ್ತಿಕೆಯನ್ನು ಪಟ್ಟಿ ತೋರಿಸಲಿ.

ಒಂದು ಸ್ಪ್ರೆಡ್‌ಶೀಟ್ ತೆರೆದು, ನಿಮ್ಮ ಕೈಯಲ್ಲಿರುವ ಪ್ರತಿಯೊಂದು ಕಾರ್ಡಿಗೂ ಒಂದೇ ಒಂದು ಸಾಲು ಕೊಡಿ. ವರ್ಷ, ಕಂಪನಿ, ಸಂಖ್ಯೆ, ಆಟಗಾರ, ಸ್ಥಿತಿ, ಇರುವ ಜಾಗ ಇವೆಲ್ಲ ಬರೆದ ಮೇಲೆ ನಾಲ್ಕು ವಿಷಯಗಳಿಗೆ ನಾಲ್ಕು ಕಾಲಂಗಳನ್ನಿಟ್ಟು, ಸೇರುವಲ್ಲೆಲ್ಲ ‘ಹೌದು’ ಎಂದು ಗುರುತು ಹಾಕಿ. ಆಗ 49ನೇ ಸಂಖ್ಯೆಯ ಮೇಸ್ ಕಾರ್ಡಿಗೆ ಸಾಲು ಒಂದೇ, ಗುರುತು ಮೂರು. ಯಾವ ವಿಷಯದ ಮೇಲೆ ಫಿಲ್ಟರ್ ಹಾಕಿದರೂ ಅದು ಕಾಣುತ್ತದೆ, ಆದರೆ ಒಟ್ಟು ಲೆಕ್ಕದಲ್ಲಿ ಒಮ್ಮೆ ಮಾತ್ರ ಬರುತ್ತದೆ. ಬೈಂಡರಿಗೊಂದು ಪಟ್ಟಿ ಇಟ್ಟುಕೊಳ್ಳುವವರಲ್ಲಿ ಒಂದೇ ಕಾರ್ಡು ಮೂರು ಸಲ ಎಣಿಕೆಯಾಗಿ, ವಿಮೆಗೆ ತೋರಿಸುವ ಮೌಲ್ಯವೂ ವಾಸ್ತವಕ್ಕಿಂತ ಹೆಚ್ಚಾಗಿಬಿಡುತ್ತದೆ. ಮಾರುವ ಅಥವಾ ಬದಲಾಯಿಸಿಕೊಳ್ಳುವ ಮಾತು ಬಂದಾಗಲೂ, ಆ ಒಂದು ಕಾರ್ಡು ಹೋದರೆ ಎಷ್ಟು ಕಡೆ ಕೊರತೆಯಾಗುತ್ತದೆ ಎಂಬುದು ಆ ಸಾಲಿನಲ್ಲೇ ತಿಳಿಯುತ್ತದೆ.

ಇನ್ನು ಯಾವುದು ವಾಸದ ಮನೆ ಎಂಬ ಪ್ರಶ್ನೆ. ಕಾರ್ಡುಗಳ ಸಂಖ್ಯೆ ಕಡಿಮೆ ಇರುವ ವಿಷಯಕ್ಕೆ ಮೊದಲ ಹಕ್ಕು ಎಂಬ ನಿಯಮವನ್ನು ನಾನು ಪಾಲಿಸುತ್ತೇನೆ. ನಿಮ್ಮಲ್ಲಿ ರೂಕಿ ಮೊದಲು, ನಂತರ ಆಟಗಾರ, ನಂತರ ಸೆಟ್, ಕೊನೆಗೆ ತಂಡ. ಬರಿದಾದ ಜೇಬಿನಲ್ಲಿ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದಕ್ಕೆ ಕತ್ತರಿಸಿದ ಆಮ್ಲರಹಿತ ದಪ್ಪ ಕಾಗದವೊಂದನ್ನು ಇಟ್ಟು, ಅದರ ಮೇಲೆ ‘1972, 49, ಮೇಸ್ ಬೈಂಡರು, ಹಾಳೆ 5’ ಎಂಬಂತೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಶಾಯಿ ಬೇಡ, ಅದು ಪಕ್ಕದ ಕಾರ್ಡಿಗೆ ತಗಲುವ ಭಯ ಇದ್ದೇ ಇರುತ್ತದೆ.

ಉತ್ತರ: ಹಳೆಪೆಟ್ಟಿಗೆ

ಪಟ್ಟಿಯ ವಿಚಾರದಲ್ಲಿ ಒಂಬತ್ತುಜೇಬು ಅವರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಮನೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಸೆಟ್ ಎನ್ನುವುದಕ್ಕೆ ಅನುಕ್ರಮವೇ ಪ್ರಾಣ. 1972ರ ಕಾರ್ಡುಗಳನ್ನು ಒಮ್ಮೆ ಒಂಬತ್ತು ಜೇಬಿನ ಹಾಳೆಯಲ್ಲಿ ಜೋಡಿಸಿ ನೋಡಿ: ಪ್ರತಿ ಕಾರ್ಡಿನ ನೆತ್ತಿಯ ಮೇಲೆ ಕಮಾನಿನಂತೆ ಬಾಗಿದ ತಂಡದ ಹೆಸರು, ಸುತ್ತಲೂ ಗಾಢ ಬಣ್ಣದ ಚೌಕಟ್ಟು, ಅಂಥ ಒಂಬತ್ತು ಒಟ್ಟಿಗೆ ಕಂಡಾಗಲೇ ಆ ವರ್ಷದ ವಿನ್ಯಾಸದ ಸೊಗಸು ಅರ್ಥವಾಗುತ್ತದೆ. ಅದರ ನಡುವೆ ಬಿಳಿ ಕಾಗದದ ತುಂಡು ಕಂಡರೆ ನನಗೆ ಸಂಕಟವಾಗುತ್ತದೆ. ಕೊನೆಯ ಕಂತಾಗಿ ಹೊರಬಂದ ಸರಣಿಯ 657ರಿಂದ 787ರವರೆಗಿನ ಕಾರ್ಡುಗಳು ಉಳಿದವುಗಳಿಗಿಂತ ಅಪರೂಪ; ಅವನ್ನೆಲ್ಲ ಕಷ್ಟಪಟ್ಟು ಹುಡುಕಿ ಸೆಟ್ ಮುಗಿಸಿದವರು 49ನೇ ಜೇಬನ್ನು ಬರಿದಾಗಿ ಬಿಡಬಾರದು.

ಆದ್ದರಿಂದ, ಅಲ್ಲಿಗೆ ಮಾತ್ರ ಎರಡನೇ ಪ್ರತಿ ಕೊಳ್ಳಿ ಎನ್ನುತ್ತೇನೆ. ಮೂಲೆ ಸವೆದ, ಸಣ್ಣ ಮಡಿಕೆಯಿರುವ ಪ್ರತಿಯು ಚೊಕ್ಕ ಪ್ರತಿಯ ಬೆಲೆಯ ಸಣ್ಣ ಪಾಲಿಗೇ ಸಿಗುತ್ತದೆ. ಚೆನ್ನಾಗಿರುವುದು ಮೇಸ್ ಬೈಂಡರಿಗೆ ಹೋಗಲಿ, ಸವೆದದ್ದು ಸೆಟ್ಟಿನಲ್ಲಿರಲಿ. ತಂಡದ ಬೈಂಡರಿಗೆ ಬೇರೆ ಪ್ರತಿ ಬೇಡವೇ ಬೇಡ; ಅಷ್ಟು ದೊಡ್ಡ ಸಂಗ್ರಹದಲ್ಲಿ ಕಾಗದದ ಗುರುತು ಸಾಕು. ರೂಕಿ ಕಾರ್ಡುಗಳಲ್ಲಿ ಈ ಮಾತು ಎಲ್ಲ ಕಡೆಗೂ ನಡೆಯುವುದಿಲ್ಲ. ನಿಮ್ಮ ಸೆಟ್ಟಿನ 79ನೇ ಕಾರ್ಡು ಕಾರ್ಲ್‌ಟನ್ ಫಿಸ್ಕ್ ಅವರ ರೂಕಿ ಕಾರ್ಡು, ಜೊತೆಗೆ ಇನ್ನಿಬ್ಬರ ಚಿತ್ರವೂ ಅದರಲ್ಲಿದೆ. ಅದರ ಎರಡನೇ ಪ್ರತಿ ಕೈಗೆಟುಕೀತು. ಮೇಸ್ ಅವರ 1951ರ ಬೌಮನ್ (ಇನ್ನೊಂದು ಕಾರ್ಡು ಕಂಪನಿ) ರೂಕಿಗೆ ಹಾಗೆ ಹೇಳಲಾಗದು. 1997ರಲ್ಲಿ ಟಾಪ್ಸ್ ಕಂಪನಿಯೇ ಮೇಸ್ ಅವರ ಹಳೆಯ ಕಾರ್ಡುಗಳನ್ನು ಮರುಮುದ್ರಿಸಿತ್ತು. ಅಂಥದ್ದನ್ನು ಜಾಗ ತುಂಬಲು ಇಡಬಹುದು, ಆದರೆ ಅದು ಮರುಮುದ್ರಣ ಎಂಬುದನ್ನು ಪಟ್ಟಿಯಲ್ಲೂ ಜೇಬಿನಲ್ಲೂ ಸ್ಪಷ್ಟವಾಗಿ ಬರೆದಿಡಿ, ಏಕೆಂದರೆ ಮುಂದೆ ಈ ಸಂಗ್ರಹ ನಿಮ್ಮ ಮಕ್ಕಳ ಕೈಗೆ ಹೋದಾಗ ಅವರಿಗೆ ಗೊಂದಲವಾಗಬಾರದು.

ಉತ್ತರ: ಗಡಿರೇಖೆ

ಇಬ್ಬರೂ ಕಾರ್ಡನ್ನು ಎಲ್ಲಿಡಬೇಕೆಂದು ಹೇಳಿದ್ದಾರೆ. ಅದಕ್ಕಿಂತ ಮೊದಲು, ಯಾವ ಕಾರ್ಡು ಯಾವ ವಿಷಯಕ್ಕೆ ಸೇರುತ್ತದೆ ಎಂಬುದೇ ತೀರ್ಮಾನವಾಗಬೇಕು. ಪ್ರತಿ ವಿಷಯಕ್ಕೂ ಒಂದು ವಾಕ್ಯದ ವ್ಯಾಖ್ಯೆ ಬರೆದಿಟ್ಟುಕೊಂಡರೆ ಅರ್ಧ ತೊಡಕು ಅಲ್ಲೇ ಕಳೆಯುತ್ತದೆ.

ನಿಮ್ಮದೇ ಸಂಗ್ರಹದಿಂದ ಉದಾಹರಣೆ ಕೊಡುತ್ತೇನೆ. 1972ರ ಮೇ ತಿಂಗಳಲ್ಲಿ ಮೇಸ್ ಅವರು ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಹೋದರು. ಹಾಗಾಗಿ ಅವರ 1973ರ ಕಾರ್ಡು ಆಟಗಾರನ ವಿಷಯಕ್ಕೆ ಮಾತ್ರ ಸೇರುತ್ತದೆ, ತಂಡಕ್ಕಲ್ಲ. ಮೆಕೋವಿ ಅವರ 1974ರ ಕಾರ್ಡು ಇನ್ನೂ ಸ್ವಾರಸ್ಯಕರ. ಅವರು ಆಗ ಸ್ಯಾನ್ ಡಿಯಾಗೋ ಪಾಡ್ರೆಸ್ ಸೇರಿದ್ದರು. ಆ ತಂಡ ವಾಷಿಂಗ್ಟನ್‌ಗೆ ಸ್ಥಳಾಂತರವಾಗುತ್ತದೆ ಎಂಬ ನಿರೀಕ್ಷೆಯಿಂದ ಟಾಪ್ಸ್ ಕೆಲವು ಕಾರ್ಡುಗಳನ್ನು ವಾಷಿಂಗ್ಟನ್ ಹೆಸರಿನಲ್ಲೇ ಅಚ್ಚು ಹಾಕಿತು. ಸ್ಥಳಾಂತರ ನಡೆಯದೇ ಹೋದಾಗ ಸ್ಯಾನ್ ಡಿಯಾಗೋ ಎಂದು ತಿದ್ದಿತು. ಎರಡೂ ರೂಪಗಳು ಚಲಾವಣೆಯಲ್ಲಿವೆ. ನಿಮ್ಮ ವ್ಯಾಖ್ಯೆಯಲ್ಲಿ ‘ಮುದ್ರಣಭೇದಗಳೂ ಸೇರಿ’ ಎಂದಿದ್ದರೆ ಎರಡನ್ನೂ ಕೊಳ್ಳಬೇಕು, ಇಲ್ಲದಿದ್ದರೆ ಒಂದು ಸಾಕು.

ಹಲವರು ಒಟ್ಟಿಗಿರುವ ಕಾರ್ಡುಗಳಿಗೂ ಗೆರೆ ಎಳೆಯಬೇಕು. 1962ರ ‘ಮ್ಯಾನೇಜರ್ಸ್ ಡ್ರೀಮ್’ ಕಾರ್ಡಿನಲ್ಲಿ ಮುಂದೆ ನಿಂತವರು ಮಿಕಿ ಮ್ಯಾಂಟಲ್ ಮತ್ತು ಮೇಸ್. ಹಿನ್ನೆಲೆಯಲ್ಲಿ ಹ್ಯಾಂಕ್ ಆರನ್ ಕೂಡ ಕಾಣುತ್ತಾರೆ. ಕಾರ್ಡಿನಲ್ಲಿ ಹೆಸರು ಅಚ್ಚಾಗಿರುವ ಆಟಗಾರನಿಗೆ ಮಾತ್ರ ಅದು ಸೇರುತ್ತದೆ ಎಂಬುದು ನಾನು ಇಟ್ಟುಕೊಂಡಿರುವ ನಿಯಮ. ‘ಫೆನ್ಸ್ ಬಸ್ಟರ್ಸ್’ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಮೇಸ್ ಮತ್ತು ಮೆಕೋವಿ ನಿಮ್ಮಲ್ಲಿ ಒಂದೇ ವಿಷಯವಾಗಿರುವುದರಿಂದ, ಇಬ್ಬರ ಕಾರ್ಡುಗಳನ್ನೂ ಬೇರೆ ಬೇರೆ ಮಾಡದೆ ವರ್ಷದ ಕ್ರಮದಲ್ಲಿ ಬೆರೆಸಿಟ್ಟರೆ ಅದು 1967ರ ಜಾಗದಲ್ಲಿ ತಾನಾಗಿ ಕೂರುತ್ತದೆ.

ಕಿತ್ತಳೆಕಪ್ಪು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೆಟ್ಟಿನ ಅನುಕ್ರಮವನ್ನು ಮುರಿಯದಿರಲು, 49 ಮತ್ತು 50ನೇ ಕಾರ್ಡುಗಳ ಸವೆದ ಪ್ರತಿಗಳನ್ನು ಹುಡುಕಲು ತೀರ್ಮಾನಿಸಿದ್ದೇನೆ. ಮೆಕೋವಿ ಅವರ 1960ರ ಕಾರ್ಡು ರೂಕಿಗಳ ಜೊತೆಗಿರುತ್ತದೆ; ಉಳಿದೆರಡು ಕಡೆ ಕಾಗದದ ಗುರುತು. ಹೆಸರು ಅಚ್ಚಾಗಿರಬೇಕೆಂಬ ನಿಯಮವನ್ನು ಹಾಗೆಯೇ ಬಳಸಿಕೊಳ್ಳುತ್ತೇನೆ. ಮೇಸ್ ಅವರ 1950ರ ದಶಕದ ಕಾರ್ಡುಗಳನ್ನೂ ಇದೇ ಬೈಂಡರಿಗೆ ಸೇರಿಸಬಹುದೇ?

ಒಂಬತ್ತುಜೇಬು

ಸೇರಿಸಬಹುದು, ಆದರೆ ಹಾಳೆ ಬೇರೆ ಬೇಕು. 1952ರಿಂದ 1956ರವರೆಗಿನ ಟಾಪ್ಸ್ ಕಾರ್ಡುಗಳು ಅಳತೆಯಲ್ಲಿ ದೊಡ್ಡವು. 1957ರಿಂದಲೇ ಈಗಿನ ಅಳತೆ ಬಂದದ್ದು. ದೊಡ್ಡವನ್ನು ಒಂಬತ್ತು ಜೇಬಿನ ಹಾಳೆಗೆ ತುರುಕಿದರೆ ಮೂಲೆಗಳು ಹಾಳಾಗುತ್ತವೆ, ಅವಕ್ಕೆ ಎಂಟು ಜೇಬಿನ ಹಾಳೆ ತನ್ನಿ, ಪಿವಿಸಿ ಎಂಬ ಪ್ಲಾಸ್ಟಿಕ್ ಇಲ್ಲದ್ದನ್ನೇ ಕೇಳಿ. 1951ರ ಬೌಮನ್ ಕಾರ್ಡು ಇವೆಲ್ಲಕ್ಕಿಂತ ಚಿಕ್ಕದು. ಗ್ರೇಡ್ ಮಾಡಿಸಿ (ಸ್ಥಿತಿಗೆ ಪರಿಣತರಿಂದ ದರ್ಜೆ ಕೊಡಿಸಿ) ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ ಹಾಕಿಸಿದ ಕಾರ್ಡುಗಳು ಯಾವ ಬೈಂಡರಿಗೂ ಹಿಡಿಸುವುದಿಲ್ಲವಾದ್ದರಿಂದ ಅವಕ್ಕೆ ಒಂದು ಪೆಟ್ಟಿಗೆಯನ್ನಿಟ್ಟು, ಪಟ್ಟಿಯ ‘ಇರುವ ಜಾಗ’ ಕಾಲಂನಲ್ಲಿ ಆ ಪೆಟ್ಟಿಗೆಯ ಹೆಸರು ಬರೆಯಿರಿ.