ಕೆಂಡಲ್: ಕ್ವೇಕರ್‌ಗಳು ಕಟ್ಟಿದ ವೃದ್ಧರ ವಸತಿ ಬಗ್ಗೆ ಗೊತ್ತಿದ್ದವರು ತಿಳಿಸಿ

ಸುಧಾ, ಮೈಸೂರು:
ಮಗಳ ಮನೆಗೆಂದು ಪೆನ್ಸಿಲ್ವೇನಿಯಾಕ್ಕೆ ಬಂದಿದ್ದೇನೆ. ಮೊನ್ನೆ ಲಾಂಗ್‌ವುಡ್ ಗಾರ್ಡನ್ಸ್ ನೋಡಿ ಬರುವಾಗ, ಇಲ್ಲೇ ಹತ್ತಿರ ಕೆಂಡಲ್ ಅಂತ ವೃದ್ಧರ ವಸತಿ ಇದೆ, ಕ್ವೇಕರ್‌ಗಳು ಕಟ್ಟಿದ್ದು ಅಂತ ಅಳಿಯ ಹೇಳಿದರು. ಕ್ವೇಕರ್ ಅನ್ನೋ ಹೆಸರನ್ನು ನಾನು ಓಟ್ಸ್ ಡಬ್ಬಿ ಮೇಲೆ ಮಾತ್ರ ನೋಡಿದ್ದೆ. ಯಾರಿವರು?

ರೇವತಿ:
ಸುಧಾ ಅವರೇ, ಓಟ್ಸ್ ಕಂಪನಿಗೂ ಇವರಿಗೂ ಸಂಬಂಧವಿಲ್ಲ. ಕ್ವೇಕರ್‌ಗಳು 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥದವರು. ಎಲ್ಲರೊಳಗೂ ದೇವರ ಬೆಳಕಿದೆ ಅಂತ ನಂಬುವವರು. ಕೆಂಡಲ್ ಅನ್ನೋದು ಇಂಗ್ಲೆಂಡಿನ ಒಂದು ಊರಿನ ಹೆಸರು. ಇಲ್ಲಿನ ವಸತಿ ಶುರುವಾದದ್ದು 1973ರಲ್ಲಿ. ಗಟ್ಟಿಮುಟ್ಟಾಗಿರುವಾಗಲೇ ಸೇರಬೇಕು. ಕೈಲಾಗದ ಕಾಲಕ್ಕೆ ಅದೇ ಆವರಣದಲ್ಲಿ ನರ್ಸಿಂಗ್ ಇರುತ್ತದೆ. ಕ್ವೇಕರ್ ಆಗಿರಲೇಬೇಕು ಅಂತೇನಿಲ್ಲ.

ನನಗೆ ಮುಖ್ಯ ಅನ್ನಿಸೋದು ಬೇರೆ. ಆಗ ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ, ಬಿದ್ದಾರು ಅಂತ ಮುದುಕರನ್ನು ಬೆಲ್ಟ್ ಹಾಕಿ ಕುರ್ಚಿಗೆ, ಮಂಚಕ್ಕೆ ಕಟ್ಟೋದು ಮಾಮೂಲಾಗಿತ್ತು. ಕೆಂಡಲ್‌ನವರು ಮೊದಲಿನಿಂದಲೂ ಕಟ್ಟಲಿಲ್ಲ. 1986ರಲ್ಲಿ ‘ಹಿರಿಯರ ಕಟ್ಟು ಬಿಚ್ಚಿ’ ಅಂತ ದೇಶಕ್ಕೇ ಹೇಳಲು ಹೊರಟರು. ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟುವಂತಿಲ್ಲ ಅಂತ 1987ರಲ್ಲಿ ಕಾನೂನೇ ಬಂತು.

ಇದು ನನಗೆ ಯಾಕೆ ಇಷ್ಟು ನಾಟಿತು ಅಂದರೆ, ಸೊಂಟದ ಆಪರೇಷನ್ ಆದಾಗ ನಮ್ಮ ಊರಿನ ಆಸ್ಪತ್ರೆಯೊಂದರಲ್ಲಿ ಅಪ್ಪನ ಎರಡೂ ಕೈ ಕಟ್ಟಿದ್ದರು. ಬ್ಯಾಂಡೇಜ್ ಬಟ್ಟೆಯಲ್ಲಿ, ಮಂಚದ ಕಂಬಿಗೆ. ನಾನು ಹೋಗಿ ಬಿಚ್ಚುವಷ್ಟರಲ್ಲಿ ಗಂಟು ಬಿಗಿದು ಹೋಗಿತ್ತು. ವಾಚ್ ಕಟ್ಟುವ ಜಾಗದಲ್ಲಿ ಕೆಂಪು ಬರೆ. ‘ಪುಟ್ಟಿ, ನಾನೇನು ತಪ್ಪು ಮಾಡ್ದೆ?’ ಅಂದರು. ಪಾಪ, ಅವರು ಎದ್ದೆದ್ದು ಕೂರುತ್ತಿದ್ದದ್ದು ಮೂತ್ರಕ್ಕೆ ಹೋಗಬೇಕು ಅಂತ. ಅದನ್ನು ಯಾರೂ ಕೇಳಿರಲಿಲ್ಲ.

ಗಿರೀಶ್:
ಓದಿ ಸಂಕಟ ಆಯ್ತು. ಆದರೂ ಕೇಳ್ತೀನಿ, ಕಟ್ಟದಿದ್ದರೆ ಬೀಳಲ್ವಾ?

ರೇವತಿ:
ಬೀಳಬಹುದು ಗಿರೀಶ್. ಆದರೆ ಕಟ್ಟಿದರೆ ಕಾಲಿನ ಶಕ್ತಿ ಇಳಿಯುತ್ತೆ, ಬೆನ್ನಲ್ಲಿ ಹುಣ್ಣಾಗುತ್ತೆ, ಬಿಡಿಸಿಕೊಳ್ಳಲು ಹೋಗಿ ಇನ್ನೂ ಜಾಸ್ತಿ ಪೆಟ್ಟಾಗುತ್ತೆ. ಮೊದಲು, ಇವರು ಯಾಕೆ ಏಳುತ್ತಿದ್ದಾರೆ ಅಂತ ನೋಡಬೇಕು. ನೋವಾ, ಹಸಿವಾ, ಬಾತ್‌ರೂಮಾ? ಮಂಚವನ್ನು ನೆಲದ ಹತ್ತಿರಕ್ಕೆ ಇಳಿಸಬೇಕು. ಹೊತ್ತು ಹೊತ್ತಿಗೆ ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕು. ಹಗಲು ಕೈಹಿಡಿದು ನಡೆಸಬೇಕು. ಜನ ಬೇಕು, ತಾಳ್ಮೆ ಬೇಕು, ನಿಜ.

ನಾಗೇಂದ್ರ, ಇಥಾಕಾ (ನ್ಯೂಯಾರ್ಕ್ ರಾಜ್ಯ):
ನಮ್ಮೂರಲ್ಲೂ ಒಂದು ಕೆಂಡಲ್ ಇದೆ. ನೊಬೆಲ್ ಪಡೆದ ಭೌತವಿಜ್ಞಾನಿ ಹಾನ್ಸ್ ಬೆಥೆ ಕೊನೆಗಾಲದಲ್ಲಿ ಅಲ್ಲೇ ಇದ್ದರು. 1999ರಲ್ಲಿ, 93ನೇ ವಯಸ್ಸಿನಲ್ಲಿ, ಅಲ್ಲಿನ ನೆರೆಹೊರೆಯವರಿಗೆ ಕ್ವಾಂಟಂ ಸಿದ್ಧಾಂತದ ಬಗ್ಗೆ ಮೂರು ಪಾಠ ಮಾಡಿದ್ದರು.

ಸುಧಾ, ಮೈಸೂರು:
ರೇವತಿ, ನಿಮ್ಮ ಅಪ್ಪನ ಮಾತು ಓದಿ ಕಣ್ಣು ತುಂಬಿತು. ಮೈಸೂರಿನಲ್ಲಿ ನಮ್ಮತ್ತೆ ಜೊತೆ ರಾತ್ರಿ ಒಬ್ಬ ಹುಡುಗಿ ಇರುತ್ತಾಳೆ. ಮಂಚ ಎಷ್ಟು ಎತ್ತರ ಇದೆ, ರಾತ್ರಿ ಎಷ್ಟು ಸಲ ಎಬ್ಬಿಸುತ್ತಾಳೆ ಅಂತ ಈಗಲೇ ಫೋನ್ ಮಾಡಿ ಕೇಳುತ್ತೇನೆ.